ಜಿಪಿಎಸ್ ಕೈಕೊಟ್ಟ ಮೇಲೆ ಡ್ರೋನನ್ನು ಮನೆಗೆ ತರುವುದು: ಓರೆ, ಗಾಳಿ ಮತ್ತು ಅರವತ್ತರ ಲೆಕ್ಕ

ಕಳೆದ ಭಾನುವಾರ ಚನ್ನಗಿರಿ ಕಡೆ, ಭಾವನ ಅಡಿಕೆ ತೋಟದ ಪಕ್ಕದ ಖಾಲಿ ಗದ್ದೆಯಲ್ಲಿ, ನಾನೇ ಜೋಡಿಸಿದ ಆರ್ಡುಪೈಲಟ್ ತಂತ್ರಾಂಶದ ಕ್ವಾಡ್ (ನಾಲ್ಕು ಪ್ರೊಪೆಲ್ಲರ್‌ಗಳ ಡ್ರೋನ್) ಹಾರಿಸುತ್ತಿದ್ದೆ. ಅದು 200 ಮೀಟರ್ ದೂರದಲ್ಲಿದ್ದಾಗ ಪರದೆಯಲ್ಲಿ ಉಪಗ್ರಹಗಳ ಸಂಖ್ಯೆ 14ರಿಂದ ನೇರ ಸೊನ್ನೆಗೆ ಬಿತ್ತು. ಆರ್‌ಟಿಎಲ್ (ಹೊರಟ ಜಾಗಕ್ಕೆ, ಅಂದರೆ ‘ಮನೆ’ಗೆ, ತಾನೇ ಮರಳುವ ಮೋಡ್) ಸ್ವಿಚ್ ಹಾಕಿದೆ, ಮೋಡ್ ಬದಲಾಗಲಿಲ್ಲ. ಇನ್ನೊಮ್ಮೆ ಹಾಕಿದೆ, ಆಗಲೂ ಇಲ್ಲ. ಅಷ್ಟರಲ್ಲಿ ಅದು ತಾನಾಗಿ ಲ್ಯಾಂಡ್ ಮೋಡಿಗೆ ಹೋಗಿ, ಗಾಳಿ ತಳ್ಳಿದತ್ತ ತೇಲುತ್ತಾ ತೋಟದ ಮೇಲೆ ಇಳಿಯತೊಡಗಿತು. ಗಾಬರಿಯಲ್ಲಿ, ಎತ್ತರವನ್ನಷ್ಟೇ ತಾನು ಹಿಡಿದುಕೊಂಡು ಉಳಿದದ್ದನ್ನು ನಮ್ಮ ಕೈಗೆ ಬಿಡುವ ಆಲ್ಟ್‌ಹೋಲ್ಡ್‌ಗೆ ಬದಲಿಸಿ, ಮೂತಿಯನ್ನು ನನ್ನ ಕಡೆ ತಿರುಗಿಸಿ ಸ್ಟಿಕ್ ಮುಂದೆ ತಳ್ಳಿದೆ. ಬಂದು ಇಳಿದದ್ದು ಪಕ್ಕದವರ ಮೆಕ್ಕೆಜೋಳದ ಹೊಲದಲ್ಲಿ, ನನ್ನಿಂದ ಪೂರ್ವಕ್ಕೆ ಅರವತ್ತು ಎಪ್ಪತ್ತು ಹೆಜ್ಜೆ ದೂರ. ಕಾರಣ ಹುಡುಕಿದರೆ ಜಿಪಿಎಸ್‌ನಿಂದ ದತ್ತಾಂಶ ತರುವ ತಂತಿಯ ಬೆಸುಗೆ ಬಿಟ್ಟಿತ್ತು. ಬೆಸುಗೆ ಹಾಕಿದವನೂ ನಾನೇ.

ಒಂದು ಪ್ರೊಪೆಲ್ಲರ್ ಮುರಿದದ್ದಕ್ಕಿಂತ ನನ್ನನ್ನು ಕಾಡಿದ್ದು ಆ ಎಪ್ಪತ್ತು ಹೆಜ್ಜೆ. ಮೂತಿ ನನ್ನ ಕಡೆಗೇ ಇತ್ತಲ್ಲ, ಮತ್ತೆ ಪೂರ್ವಕ್ಕೆ ಹೋದದ್ದು ಹೇಗೆ? ಅದನ್ನು ಬಿಡಿಸಲು ಕುಳಿತಾಗ ಬರೆದುಕೊಂಡ ಟಿಪ್ಪಣಿ ಇದು.

ಆರ್‌ಟಿಎಲ್ ಏಕೆ ಒಪ್ಪಲಿಲ್ಲ

ಇದು ಸುಲಭ. ‘ಮನೆಗೆ ಹೋಗು’ ಎಂದರೆ ‘ನೀನಿರುವ ಜಾಗದಿಂದ ಮನೆಯ ಜಾಗಕ್ಕೆ ಹೋಗು’ ಎಂದರ್ಥ. ತಾನೆಲ್ಲಿದ್ದೇನೆ ಎಂದು ತಿಳಿಯದ ಡ್ರೋನಿಗೆ ಆ ಆಜ್ಞೆಯ ಅರ್ಧವೇ ಕಾಣೆಯಾಗಿರುತ್ತದೆ, ಹಾಗಾಗಿ ಅದು ಆ ಮೋಡಿಗೆ ಹೋಗಲು ನಿರಾಕರಿಸುತ್ತದೆ. ಸ್ಥಾನ ಬೇಕಾದ ಮೋಡಿನಲ್ಲಿ ಹಾರುತ್ತಿರುವಾಗಲೇ ಸ್ಥಾನ ಕಳೆದುಹೋದರೆ ಆರ್ಡುಪೈಲಟ್ ಕಾಪ್ಟರ್ ಮಾಡುವ ಕೆಲಸ, ಬೇರೆ ಏನನ್ನೂ ಹೊಂದಿಸಿರದಿದ್ದರೆ, ಲ್ಯಾಂಡ್. ಆ ಲ್ಯಾಂಡ್‌ನಲ್ಲಿ ಎತ್ತರ ಮಾತ್ರ ಅದರ ಹತೋಟಿಯಲ್ಲಿರುತ್ತದೆ. ಪಕ್ಕಕ್ಕೆ ಎತ್ತ ಹೋಗಬೇಕೆಂಬುದು ನಿಮ್ಮ ಸ್ಟಿಕ್‌ಗೆ ಬಿಟ್ಟದ್ದು. ನೀವು ಕೈ ಕಟ್ಟಿ ನಿಂತರೆ ಗಾಳಿಗೆ ಬಿಟ್ಟದ್ದು.

ಉಪಗ್ರಹ ಹೋದರೂ ಉಳಿಯುವವು ಬ್ಯಾರೊಮೀಟರ್, ಜೈರೊ (ತಿರುಗುವಿಕೆ ಅಳೆಯುವುದು), ಅಕ್ಸೆಲೆರೊಮೀಟರ್ (ವೇಗೋತ್ಕರ್ಷ ಅಳೆಯುವುದು) ಮತ್ತು ದಿಕ್ಸೂಚಿ. ಎತ್ತರದ ಚಿಂತೆ ಇಲ್ಲ, ಅದು ಗಾಳಿಯ ಒತ್ತಡದಿಂದ ಸಿಗುತ್ತದೆ. ಮೂತಿ ಯಾವ ಕಡೆಗಿದೆ ಎಂಬುದೂ ದಿಕ್ಸೂಚಿಯಿಂದ ಗೊತ್ತು. ಕಳೆದುಹೋಗಿದ್ದು ಸ್ಥಾನವೊಂದೇ ಎಂದುಕೊಂಡಿದ್ದೆ. ಅಲ್ಲಿಂದಲೇ ನನ್ನ ತಲೆಬಿಸಿ ಶುರುವಾಯಿತು.

ಅಕ್ಸೆಲೆರೊಮೀಟರ್ ಇದೆಯಲ್ಲ, ಅದರಿಂದಲೇ ಲೆಕ್ಕ ಹಾಕಬಾರದೇ?

ಇಲ್ಲಿ ನಾನು ಎರಡು ದಿನ ಸಿಕ್ಕಿಹಾಕಿಕೊಂಡೆ, ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ. ವೇಗೋತ್ಕರ್ಷವನ್ನು ಕಾಲದೊಂದಿಗೆ ಕೂಡಿಸುತ್ತಾ ಹೋದರೆ ವೇಗ, ವೇಗವನ್ನು ಕೂಡಿಸುತ್ತಾ ಹೋದರೆ ದೂರ. ಪಿಯುಸಿಯಲ್ಲಿ ಕಲಿತದ್ದೇ. ಕೊನೆಯ ಬಾರಿ ಜಿಪಿಎಸ್ ಹೇಳಿದ ಸ್ಥಾನದಿಂದ ಹೀಗೆ ಲೆಕ್ಕ ಹಾಕುತ್ತಾ ಮನೆಗೆ ಬಂದುಬಿಡಬಹುದಲ್ಲ?

ಬರಲಾಗದು. ಕಾರಣ ಇದು: ಅಕ್ಸೆಲೆರೊಮೀಟರ್‌ಗೆ ಗುರುತ್ವವನ್ನೂ ಚಲನೆಯನ್ನೂ ಬೇರೆ ಮಾಡಲು ಬಾರದು. ಆಗುಂಬೆ ಘಾಟಿ ಹತ್ತುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಬೆನ್ನು ಸೀಟಿಗೆ ಒತ್ತುತ್ತದೆ. ಬಸ್ ಏರು ಹತ್ತುತ್ತಿದೆಯೋ, ಸಮತಟ್ಟಾದ ರಸ್ತೆಯಲ್ಲಿ ಚಾಲಕರು ವೇಗ ಹೆಚ್ಚಿಸಿದರೋ? ಬೆನ್ನಿಗೆ ಎರಡೂ ಒಂದೇ. ಡ್ರೋನಿನ ಸಂವೇದಕ ಆ ಬೆನ್ನು.

ಈಗ ಅಂಕಿ ಹಾಕೋಣ. ಡ್ರೋನ್ ನಿಜಕ್ಕೂ 1 ಡಿಗ್ರಿ ವಾಲಿದೆ, ಆದರೆ ತಾನು ಮಟ್ಟಸವಾಗಿದ್ದೇನೆ ಎಂದುಕೊಂಡಿದೆ ಎನ್ನಿ. ಗುರುತ್ವದ 9.8ರಲ್ಲಿ ಸಣ್ಣದೊಂದು ಪಾಲು, 9.8 × ಸೈನ್ 1°, ಅಂದರೆ 0.171 ಮೀ/ಸೆ², ಪಕ್ಕದ ವೇಗೋತ್ಕರ್ಷದ ವೇಷ ಹಾಕಿಕೊಂಡು ಲೆಕ್ಕದೊಳಗೆ ಸೇರುತ್ತದೆ. ದೂರದ ತಪ್ಪು ಇದರ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದಷ್ಟು. 10 ಸೆಕೆಂಡಿಗೆ ಎಂಟೂವರೆ ಮೀಟರ್, ಪರವಾಗಿಲ್ಲ ಅನ್ನಿಸುತ್ತದೆ. 30 ಸೆಕೆಂಡಿಗೆ 77 ಮೀಟರ್. 60 ಸೆಕೆಂಡಿಗೆ 308 ಮೀಟರ್! ಡ್ರೋನ್ ಇದ್ದದ್ದೇ 200 ಮೀಟರ್ ದೂರದಲ್ಲಿ. ಒಂದು ನಿಮಿಷ ಕಳೆದರೆ ಲೆಕ್ಕದ ತಪ್ಪು ದಾರಿಗಿಂತ ದೊಡ್ಡದು. ಓರೆಯ ತಪ್ಪನ್ನು 0.1 ಡಿಗ್ರಿಗೆ ಇಳಿಸಿದರೂ ನಿಮಿಷಕ್ಕೆ 31 ಮೀಟರ್ ಉಳಿಯುತ್ತದೆ. ಪ್ರಯಾಣಿಕ ವಿಮಾನಗಳ ಜಡತ್ವ ವ್ಯವಸ್ಥೆ ಗಂಟೆಗೆ ಸುಮಾರು ಒಂದು ನಾಟಿಕಲ್ ಮೈಲಿಯಷ್ಟೇ ತಪ್ಪುತ್ತದೆ, ಆದರೆ ಅದರ ಜೈರೊಗಳಿಗೂ ನಮ್ಮ ಉಗುರಿನಗಲದ ಚಿಪ್‌ಗೂ ಹೋಲಿಕೆಯೇ ಇಲ್ಲ.

ಹಾಗಾದರೆ ಓರೆಯನ್ನು ಜೈರೊ ಸರಿಯಾಗಿ ಹೇಳುವುದಿಲ್ಲವೇ? ಇದು ನನ್ನ ಎರಡನೆಯ ಗೊಂದಲ. ಜೈರೊ ಹೇಳುತ್ತದೆ, ಆದರೆ ಹೊತ್ತು ಕಳೆದಂತೆ ಮೆಲ್ಲಗೆ ದಾರಿ ತಪ್ಪುತ್ತದೆ. ಅದನ್ನು ತಿದ್ದುವವರು ಯಾರು? ಗುರುತ್ವ ಯಾವ ಕಡೆಗಿದೆ ಎಂದು ತೋರಿಸುವ ಅದೇ ಅಕ್ಸೆಲೆರೊಮೀಟರ್! ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ಜಿಪಿಎಸ್ ಇರುವಾಗ ಈ ತಂಟೆ ಬಾರದಿರುವುದಕ್ಕೆ ಕಾರಣವಿದೆ. ‘ನನ್ನ ಲೆಕ್ಕದ ಪ್ರಕಾರ ವೇಗ ಹೆಚ್ಚುತ್ತಿದೆ, ಜಿಪಿಎಸ್ ಪ್ರಕಾರ ಇಲ್ಲ, ಅಂದರೆ ನನ್ನ ಓರೆಯ ಅಂದಾಜೇ ತಪ್ಪು’ ಎಂದು ಇಕೆಎಫ್ (ಎಲ್ಲ ಸಂವೇದಕಗಳ ಮಾತನ್ನು ತಾಳೆ ನೋಡಿ ಅಂದಾಜು ಮಾಡುವ ಲೆಕ್ಕ) ಕ್ಷಣಕ್ಷಣವೂ ತಿದ್ದಿಕೊಳ್ಳುತ್ತಿರುತ್ತದೆ. ಅಂದರೆ ಜಿಪಿಎಸ್ ಹೋದಾಗ ಸ್ಥಾನದ ಜೊತೆಗೆ ಉಳಿದ ಸಂವೇದಕಗಳ ತಪ್ಪು ತಿದ್ದುವ ಮೇಷ್ಟರೂ ಹೋಗುತ್ತಾರೆ. ಇದು ಹೊಳೆದ ಮೇಲೆ ಮಿಕ್ಕದ್ದೆಲ್ಲ ಸಲೀಸಾಯಿತು.

ವರ್ಗದ ತಪ್ಪನ್ನು ನೇರ ತಪ್ಪಾಗಿಸುವುದು

ಕಾಲದ ವರ್ಗದೊಂದಿಗೆ ಬೆಳೆಯುವ ತಪ್ಪೇ ಶತ್ರು ಎಂದಾದರೆ, ವೇಗೋತ್ಕರ್ಷವನ್ನು ಬಿಟ್ಟು ವೇಗವನ್ನೇ ಎಲ್ಲಿಂದಲಾದರೂ ತಂದುಕೊಳ್ಳಬೇಕು. ಕ್ವಾಡ್ ಒಂದೇ ಓರೆಯಲ್ಲಿ ಸ್ವಲ್ಪ ಹೊತ್ತು ಹಾರಿದರೆ, ಗಾಳಿಯ ಎಳೆತವೂ ಮುಂದೆ ತಳ್ಳುವ ಬಲವೂ ಸರಿಸಮವಾಗಿ ವೇಗ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಇಂತಿಷ್ಟು ಓರೆಗೆ ಗಾಳಿಯೊಳಗೆ ಇಂತಿಷ್ಟು ವೇಗ. ಎಲೆ ಅಲುಗದ ಬೆಳಗಿನ ಜಾವ, ಜಿಪಿಎಸ್ ಇರುವಾಗಲೇ, 10 ಡಿಗ್ರಿ ವಾಲಿಸಿ ಹಿಂದಕ್ಕೂ ಮುಂದಕ್ಕೂ ಹಾರಿಸಿ ಒಮ್ಮೆ ಅಳೆದಿಟ್ಟುಕೊಂಡರೆ ಸಾಕು. ನನ್ನ ಕ್ವಾಡ್‌ಗೆ ಸೆಕೆಂಡಿಗೆ 9 ಮೀಟರ್ ಬಂತು, ನಿಮ್ಮದು ಬೇರೆಯೇ ಇರುತ್ತದೆ. ಈ ವೇಗದಲ್ಲಿ ಸೆಕೆಂಡಿಗೆ 1 ಮೀಟರ್ ತಪ್ಪಿದ್ದರೂ ನಿಮಿಷಕ್ಕೆ ಆಗುವ ತಪ್ಪು 60 ಮೀಟರ್ ಮಾತ್ರ, 308 ಅಲ್ಲ.

ಆರ್ಡುಪೈಲಟ್ ಕಾಪ್ಟರ್‌ನ 4.3ನೇ ಆವೃತ್ತಿಯಿಂದ ಬಂದಿರುವ ಡೆಡ್ ರೆಕನಿಂಗ್ (ಕೊನೆಯ ಸ್ಥಾನದಿಂದ ವೇಗ, ದಿಕ್ಕು ಹಿಡಿದು ಅಂದಾಜು ಮಾಡುವುದು) ಫೇಲ್‌ಸೇಫ್‌ನ ಹಿಂದಿರುವುದೂ ಇದೇ ಯೋಚನೆ: ಎಳೆತದ ಗುಣಾಂಕಗಳನ್ನು ಮೊದಲೇ ಕೊಟ್ಟಿರಬೇಕು. ಅದರ ಗಡುವು ಮೊದಲಿಗೆ 30 ಸೆಕೆಂಡ್ ಎಂದು ಇರುತ್ತದೆ. ಇಷ್ಟು ಕಡಿಮೆ ಏಕೆ ಎಂದು ಮೊದಲು ಗೊಣಗಿದ್ದೆ, ಮೇಲಿನ ಲೆಕ್ಕ ಹಾಕಿದ ಮೇಲೆ ಸುಮ್ಮನಾದೆ. ಇದಲ್ಲದೆ ಒಂದು ಲುವಾ ಸ್ಕ್ರಿಪ್ಟ್ ಕೂಡ ಇದೆ. ಜಿಪಿಎಸ್ ಕೆಟ್ಟಾಗ ಅದು ಡ್ರೋನನ್ನು ಕೊಂಚ ಹೊತ್ತು ಮಟ್ಟಸ ಮಾಡಿ, ಮನೆಯ ದಿಕ್ಕಿಗೆ ವಾಲಿಸಿ ಹಾರಿಸುತ್ತದೆ. ಜಿಪಿಎಸ್ ಮರಳಿದರೆ ಆರ್‌ಟಿಎಲ್‌ಗೆ ಒಪ್ಪಿಸುತ್ತದೆ.

ಗಾಳಿ: ತಳವಾರಘಟ್ಟದ ಹರಿಗೋಲು

ಈಗ ಎಪ್ಪತ್ತು ಹೆಜ್ಜೆಯ ಕಥೆ. ಹಂಪಿಯ ತಳವಾರಘಟ್ಟದಿಂದ ಆನೆಗೊಂದಿ ಕಡೆಗೆ ಹರಿಗೋಲಿನಲ್ಲಿ ತುಂಗಭದ್ರೆ ದಾಟಿದವರು ಗಮನಿಸಿರುತ್ತೀರಿ, ಅಂಬಿಗ ಎದುರು ದಡಕ್ಕೆ ನೇರವಾಗಿ ಹುಟ್ಟು ಹಾಕುವುದಿಲ್ಲ. ಹೊಳೆ ಸೆಳೆಯುವ ಕಡೆಗೆ ವಿರುದ್ಧವಾಗಿ, ಮೇಲ್ದಿಕ್ಕಿಗೆ ಗುರಿ ಇಡುತ್ತಾನೆ. ಹೊಳೆ ಕೆಳಕ್ಕೆ ಎಳೆದು ಎಳೆದು, ಹರಿಗೋಲು ತಲುಪುವ ಹೊತ್ತಿಗೆ ಸರಿಯಾಗಿ ದಡದ ಮೆಟ್ಟಿಲ ಬಳಿ ಇರುತ್ತದೆ. ಡ್ರೋನ್ ಹಾರುವುದು ಗಾಳಿಯೆಂಬ ಹೊಳೆಯೊಳಗೆ. ಜಿಪಿಎಸ್ ಇದ್ದಾಗ ಅಂಬಿಗನ ಕೆಲಸವನ್ನು ಅದೇ ಮಾಡುತ್ತಿತ್ತು, ನಾವು ಗಮನಿಸಿಯೇ ಇರಲಿಲ್ಲ.

ಎಷ್ಟು ಡಿಗ್ರಿ ಮೇಲಕ್ಕೆ ಗುರಿ ಇಡಬೇಕು? ಪುಸ್ತಕದಲ್ಲಿ ತ್ರಿಕೋನ ಬಿಡಿಸಿ ಸೈನ್ ವಿಲೋಮ ಹುಡುಕುತ್ತಾರೆ. ರಿಮೋಟ್ ಹಿಡಿದು ನಿಂತವನಿಗೆ ಅದು ಆಗದ ಮಾತು. ವಿಮಾನ ಚಾಲಕರ ಹಳೆಯ ಅರವತ್ತರ ಲೆಕ್ಕ ನನಗೆ ಅಚ್ಚುಮೆಚ್ಚಾಗಿದೆ: ಅಡ್ಡಗಾಳಿಯ ವೇಗವನ್ನು ನಿಮ್ಮ ವೇಗದಿಂದ ಭಾಗಿಸಿ 60ರಿಂದ ಗುಣಿಸಿ, ಬಂದದ್ದೇ ಡಿಗ್ರಿ. ಗಾಳಿ 3, ನನ್ನ ವೇಗ 9 ಎಂದರೆ 20 ಡಿಗ್ರಿ. ನಿಖರ ಲೆಕ್ಕದಲ್ಲಿ 19.5. ಗಾಳಿ 5, ವೇಗ 12 ಎಂದರೆ 25, ನಿಖರವಾಗಿ 24.6. ಗಾಳಿ ನಿಮ್ಮ ವೇಗದ ಅರ್ಧ ಮೀರುವ ತನಕ ಇದನ್ನು ಧಾರಾಳವಾಗಿ ನಂಬಬಹುದು. ಅರ್ಧ ಮೀರಿದ ದಿನ ಹಾರಿಸಲೇ ಬಾರದಿತ್ತು.

ಗಾಳಿಯ ವೇಗ ತಿಳಿಯುವುದು ಹೇಗೆ ಎಂಬುದಕ್ಕೂ ಮೇಲಿನ ಓರೆಯೇ ಸಾಕು. ಜಿಪಿಎಸ್ ಸರಿಯಿರುವಾಗ, ನಿಂತಲ್ಲೇ ನಿಲ್ಲುವ ಮೋಡ್ ಆದ ಲಾಯ್ಟರ್‌ನಲ್ಲಿ ನಿಲ್ಲಿಸಿ, ಪರದೆಯಲ್ಲಿ ಓರೆಕೋನ ನೋಡಿ. ನಿಂತಲ್ಲೇ ನಿಲ್ಲಲು ಅದು 3 ಡಿಗ್ರಿ ವಾಲಿದ್ದರೆ, 3 ಡಿಗ್ರಿಗೂ ಅದೇ ರೀತಿ ನೀವು ಅಳೆದಿಟ್ಟ ವೇಗವೇ ಆ ಎತ್ತರದ ಗಾಳಿಯ ವೇಗ. ವಾಲಿದ ದಿಕ್ಕಿನಿಂದಲೇ ಗಾಳಿ ಬರುತ್ತಿದೆ. ನೆಲದಲ್ಲಿ ನಿಂತು ಅಂದಾಜು ಮಾಡಿದ ಗಾಳಿ ಸುಳ್ಳು ಹೇಳಬಹುದು, ಮೇಲೆ ಅದು ಸಾಮಾನ್ಯವಾಗಿ ಜೋರಾಗಿರುತ್ತದೆ.

ಭಾನುವಾರದ ಲೆಕ್ಕ ಹೀಗಿದೆ. ಹೋದ ದಿಕ್ಕು 010 (ಉತ್ತರವನ್ನು ಸೊನ್ನೆ ಮಾಡಿ ಪ್ರದಕ್ಷಿಣೆಯಾಗಿ ಎಣಿಸಿದ ಡಿಗ್ರಿ). ತಿರುಗಿ ಬರುವ ದಿಕ್ಕಿಗೆ 180 ಕೂಡಿಸಬೇಕು. ಅವಸರದಲ್ಲಿ ತಪ್ಪಾಗದಿರಲು 200 ಕೂಡಿಸಿ 20 ಕಳೆಯಿರಿ: 210, ಆಮೇಲೆ 190. (180 ದಾಟಿದ ದಿಕ್ಕಿಗೆ 200 ಕಳೆದು 20 ಕೂಡಿಸಿ.) ಗಾಳಿ 280ರಿಂದ, ಅಂದರೆ ಪಶ್ಚಿಮದಿಂದ, ಸುಮಾರು 3 ಮೀಟರ್. ಮನೆ ಕಡೆ ಮುಖ ಮಾಡಿದಾಗ ಅದು ಸರಿಯಾಗಿ ಬಲಗಡೆಯಿಂದ ಬರುತ್ತದೆ. ಮೂತಿ ಇಡಬೇಕಾಗಿದ್ದು 190 + 20 = 210ಕ್ಕೆ. ನಾನು ಇಟ್ಟದ್ದು 190ಕ್ಕೆ. ದಾರಿ ಸಾಗಲು 22 ಸೆಕೆಂಡ್, ಸೆಕೆಂಡಿಗೆ 3 ಮೀಟರ್ ಎಡಕ್ಕೆ ಸರಿತ: 66 ಮೀಟರ್. ಮೆಕ್ಕೆಜೋಳದ ಹೊಲ ಇದ್ದದ್ದು ಸರಿಯಾಗಿ ಅಲ್ಲೇ! ಲೆಕ್ಕ ಹೊಂದಿದಾಗ ರಾತ್ರಿ ಹನ್ನೊಂದಕ್ಕೆ ಭಾವನಿಗೆ ಫೋನ್ ಮಾಡಿದೆ. “ಬಾಳೆ ಎಲೆ ಪೂರ್ವಕ್ಕೆ ಬಡಿದುಕೊಳ್ಳುತ್ತಿತ್ತಲ್ಲಪ್ಪಾ, ಅದಕ್ಕೆ ಇಷ್ಟೊಂದು ಲೆಕ್ಕ ಬೇಕಿತ್ತೇ?” ಎಂದರು.

ಉಳಿದವು, ಚುಟುಕಾಗಿ

ಎದುರುಗಾಳಿ ಮತ್ತು ಬ್ಯಾಟರಿ: ವೇಗ 10, ಹಿಂದಿನಿಂದ ಗಾಳಿ 4 ಇದ್ದರೆ 840 ಮೀಟರ್ ಹೋಗಲು 60 ಸೆಕೆಂಡ್. ಬರಲು 140. ಅರ್ಧ ಬ್ಯಾಟರಿ ಮುಗಿದಾಗ ತಿರುಗಿದರಾಯಿತು ಎಂಬುದು ಗಾಳಿ ಇಲ್ಲದ ದಿನದ ಮಾತು. ಮೊದಲು ಎದುರುಗಾಳಿಗೆ ಹೋಗಿ.

ಆಪ್ಟಿಕಲ್ ಫ್ಲೋ ಕ್ಯಾಮೆರಾ ಕೆಳಗಿನ ನೆಲದ ಚಿತ್ರ ಸರಿಯುವುದನ್ನು ನೋಡಿ ವೇಗ ಹೇಳುತ್ತದೆ. ಅಡಿಕೆ ತೋಟದ ಮೇಲೆ ನಂಬಬೇಡಿ: ಗಾಳಿಗೆ ಸೋಗೆಯೇ ಅಲುಗುತ್ತದೆ, ಡ್ರೋನ್ ತಾನು ಸರಿದೆ ಎಂದುಕೊಳ್ಳುತ್ತದೆ. ಕೆರೆಯ ನೀರಿನ ಮೇಲೂ ಇದೇ ಪಾಡು.

ತಂತಿ ಬಿಟ್ಟುಹೋಗುವುದಕ್ಕಿಂತ ಕೆಟ್ಟದ್ದು ಜಾಮಿಂಗ್. 20,200 ಕಿಲೋಮೀಟರ್ ಮೇಲಿನಿಂದ ಬರುವ ಸಂಕೇತ ಎಷ್ಟು ಕ್ಷೀಣವೆಂದರೆ ಸಣ್ಣದೊಂದು ಪ್ರಸಾರಕವೂ ಅದನ್ನು ಮುಳುಗಿಸಬಲ್ಲದು. 2018ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಬಂದರಿನ ಮೇಲಿನ ಬೆಳಕಿನ ಪ್ರದರ್ಶನದಲ್ಲಿ 46 ಡ್ರೋನ್‌ಗಳು ನೀರಿಗೆ ಬಿದ್ದವು, ಆಯೋಜಕರು ಕಾರಣವಾಗಿ ಹೇಳಿದ್ದು ಜಾಮಿಂಗನ್ನೇ. ಯುರೋಪಿನ ಉಪಗ್ರಹ ವ್ಯವಸ್ಥೆ ಗೆಲಿಲಿಯೊ ಕೂಡ ಇದೆಯಲ್ಲ ಎಂಬ ನನ್ನ ಸಮಾಧಾನ ನಿಲ್ಲಲಿಲ್ಲ: ಜಿಪಿಎಸ್ ಎಲ್1 ಮತ್ತು ಗೆಲಿಲಿಯೊ ಇ1 ಎರಡೂ 1575.42 ಮೆಗಾಹರ್ಟ್ಸ್‌ನಲ್ಲೇ ಕುಳಿತಿವೆ. ನಮ್ಮ ದೇಶದ್ದೇ ಉಪಗ್ರಹ ವ್ಯವಸ್ಥೆ ನಾವಿಕ್‌ನ ಎಲ್5 ಇರುವುದು 1176.45ರಲ್ಲಿ, ಅದನ್ನು ಹಿಡಿಯುವ ರಿಸೀವರ್ ಇದ್ದರೆ ಒಂದು ಆಸರೆ.

ಸ್ಪೂಫಿಂಗ್‌ನಲ್ಲಿ (ನಕಲಿ ಸಂಕೇತ ಕಳಿಸಿ ಮೋಸ ಮಾಡುವುದು) ಉಪಗ್ರಹಗಳ ಸಂಖ್ಯೆ ಕುಸಿಯಬೇಕೆಂದೇ ಇಲ್ಲ, ಎಲ್ಲ ಚೆನ್ನಾಗಿರುವಂತೆಯೇ ಕಾಣುತ್ತದೆ; ಸ್ಥಾನ ಮಾತ್ರ ಸುಳ್ಳು. 2016ರಲ್ಲಿ ಮಾಸ್ಕೋದ ಕ್ರೆಮ್ಲಿನ್ ಸುತ್ತಮುತ್ತ ನಿಂತವರ ಮೊಬೈಲ್‌ಗಳು ತಾವು ವ್ನುಕೊವೊ ವಿಮಾನ ನಿಲ್ದಾಣದಲ್ಲಿದ್ದೇವೆ ಎಂದು ತೋರಿಸಿದ್ದವು. ಅಂಥ ಹೊತ್ತಿನಲ್ಲಿ ಆರ್‌ಟಿಎಲ್ ಒತ್ತಿದರೆ ಅದು ಒಪ್ಪುತ್ತದೆ, ಅದೇ ಅಪಾಯ. ಪರದೆಯಲ್ಲಿ ಮನೆಯ ದೂರ ಒಮ್ಮೆಲೇ ಜಿಗಿದರೆ, ಅಥವಾ ಬ್ಯಾರೊಮೀಟರ್ ಎತ್ತರಕ್ಕೂ ಜಿಪಿಎಸ್ ಎತ್ತರಕ್ಕೂ ತಾಳೆಯಾಗದಿದ್ದರೆ, ಆಲ್ಟ್‌ಹೋಲ್ಡ್‌ಗೆ ಹೋಗಿ ಕೈಯಿಂದಲೇ ತನ್ನಿ.

ಈಗ ಮಾಡುತ್ತಿರುವುದು

ಸಿಮ್ಯುಲೇಟರ್‌ನಲ್ಲಿ ಗಾಳಿ ಹಾಕಿ, ನಡುದಾರಿಯಲ್ಲಿ ಜಿಪಿಎಸ್ ಆರಿಸಿ, ಆಲ್ಟ್‌ಹೋಲ್ಡ್‌ನಲ್ಲಿ ವಾಪಸ್ ತರುವ ಅಭ್ಯಾಸ ದಿನಕ್ಕೆ ಐದು ಸಲ. ಮೊದಲ ದಿನ 200 ಮೀಟರ್‌ಗೆ 40 ಮೀಟರ್ ತಪ್ಪುತ್ತಿತ್ತು, ನಿನ್ನೆ 15ರೊಳಗೆ ಬಂತು. ಹೆಚ್ಚಾಗಿ ತಪ್ಪುವುದು ಕೊನೆಗೆ: ಸ್ಟಿಕ್ ಬಿಟ್ಟರೆ ಮಟ್ಟಸವಾಗುವ ಡ್ರೋನ್ ನಿಲ್ಲುವುದಿಲ್ಲ, ಗಾಳಿಯ ಜೊತೆ ಹೊರಡುತ್ತದೆ. ಇಳಿಯುವಾಗಲೂ ಗಾಳಿಯ ಕಡೆಗೆ ಆ ಮೂರು ಡಿಗ್ರಿ ಹಿಡಿದಿರಬೇಕು.

ರಿಮೋಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದೇನೆ. ಪ್ರತಿ ಹಾರಾಟಕ್ಕೆ ಮೊದಲು ಪೆನ್ಸಿಲ್‌ನಲ್ಲಿ ತುಂಬುವುದು ನಾಲ್ಕು: ಹೋಗುವ ದಿಕ್ಕು, ಬರುವ ದಿಕ್ಕು, ಲಾಯ್ಟರ್‌ನಲ್ಲಿ ಕಂಡ ಓರೆ, ಮೂತಿ ಇಡುವ ದಿಕ್ಕು. ಭಾನುವಾರ ಅದೇ ಗದ್ದೆಯಲ್ಲಿ ಹೊಸ ಬೆಸುಗೆಯೊಂದಿಗೆ ಮತ್ತೆ ಹಾರಿಸುತ್ತೇನೆ. ಮೆಕ್ಕೆಜೋಳದ ಹೊಲದವರಿಗೆ ಮುಂಚಿತವಾಗಿ ಹೇಳಿಟ್ಟಿದ್ದೇನೆ.