ಮರಿ ಮಾಡುವ ಕಾಲದಲ್ಲಿ ‘ಹಿಡಿದು ಬಿಡುವ’ ಗಾಳ: ಕೆರೆ ಸೀಮೆಯ ವಿದ್ಯಾರ್ಥಿಗಳಿಗೆ ಟಿಪ್ಪಣಿ

ಮೀನು ಮರಿ ಮಾಡುವ ಕಾಲದಲ್ಲಿ ನಿಷೇಧ ಇದ್ದಾಗ, ಗಾಳಕ್ಕೆ ಸಿಕ್ಕಿದ್ದನ್ನು ಮತ್ತೆ ನೀರಿಗೆ ಬಿಡುವವರಿಗಾದರೂ ಅವಕಾಶ ಕೊಡಬಹುದೇ? ಉತ್ತರ ಬರೆಯುವಾಗ ಬಹಳಷ್ಟು ಜನ ಒಂದೇ ದಾರಿ ಹಿಡಿಯುತ್ತಾರೆ. ಬಿಟ್ಟ ಮೀನಿನಲ್ಲಿ ನೂರಕ್ಕೆ ಎಷ್ಟು ಬದುಕುತ್ತವೆ ಎಂದು ನೋಡಿ, ಹೆಚ್ಚು ಬದುಕಿದರೆ ಸರಿ, ಹೆಚ್ಚು ಸತ್ತರೆ ತಪ್ಪು ಎನ್ನುತ್ತಾರೆ. ಅದು ಅರ್ಧ ಉತ್ತರ. ನಿಷೇಧ ತಂದಿರುವುದು ಆ ಕೆಲವು ವಾರ ನಡೆಯುವ ಸಂತಾನದ ಕೆಲಸ ಕೆಡದಿರಲಿ ಎಂದು. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಮೊಟ್ಟೆ ಎಲ್ಲಿದೆ, ಅದನ್ನು ಯಾರು ಕಾಯುತ್ತಿದ್ದಾರೆ?

ಈ ಪ್ರಶ್ನೆಗೆ ಪ್ರತಿ ಜಾತಿಯ ಮೀನೂ ಬೇರೆ ಉತ್ತರ ಕೊಡುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಲ್ಲಿ ಬಲೆಗೆ ಬೀಳುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಹರಿಯುವ ನೀರಿನಲ್ಲಿ ಮೊಟ್ಟೆ ಬಿಡುವ ಮೀನುಗಳು. ನಿಂತ ಕೆರೆಯಲ್ಲಿ ಹೊಟ್ಟೆ ತುಂಬ ಮೊಟ್ಟೆ ಕಟ್ಟಿದರೂ ಸಾಮಾನ್ಯವಾಗಿ ಬಿಡುವುದಿಲ್ಲ. ಅದಕ್ಕೇ ಕೆರೆಗೆ ಪ್ರತಿ ವರ್ಷ ಬಿತ್ತನೆ ಮರಿ ತಂದು ಹಾಕಬೇಕು. ಆ ಮರಿ ಬರುವುದು ಚುಚ್ಚುಮದ್ದಿನ ವಿಧಾನದಿಂದ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುನ್ಹಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆ ಬಿಡಿಸಿದರು. ಜುಲೈ 10 ಮೀನು ಕೃಷಿಕರ ದಿನವಾಗಿರುವುದು ಅದರ ನೆನಪಿಗೆ. ಅಂದರೆ ಬಿತ್ತನೆ ಹಾಕಿದ ಕೆರೆಯಲ್ಲಿ ಈ ಮೂರು ಮೀನಿನ ಮಟ್ಟಿಗೆ ‘ಸಂತಾನದ ಕಾಲ’ ಎನ್ನುವ ಕಾರಣಕ್ಕೆ ನಿಷೇಧ ಹೇರಿದರೆ ಹೆಚ್ಚೇನೂ ಉಳಿಸಿದಂತಾಗುವುದಿಲ್ಲ. ಅಲ್ಲಿ ಗಾಳ ಹಾಕಬೇಕೋ ಬೇಡವೋ ಎನ್ನುವುದು ಕೆರೆಯನ್ನು ಗುತ್ತಿಗೆ ಹಿಡಿದವರ ಹಕ್ಕಿನ ಪ್ರಶ್ನೆ. ಅನುಮತಿ ಇಲ್ಲದೆ ಹಿಡಿದು ಬಿಟ್ಟರೂ ಅದು ಅವರ ಮೀನಿಗೆ ಮಾಡಿದ ಗಾಯವೇ.

ಕೋಡಿ ಬಿದ್ದ ದಿನ ಮಾತ್ರ ಲೆಕ್ಕ ಬದಲಾಗುತ್ತದೆ. ಹೊಸ ನೀರು ಹಳ್ಳದಿಂದ ನುಗ್ಗಿದಾಗ ಮೀನು ಎದುರು ನೀರಿಗೆ ಹತ್ತುತ್ತದೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇದನ್ನೇ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ, ಜಯಮಂಗಲಿಗಳಿಗೆ ಸೇರುವ ಹಳ್ಳಗಳಲ್ಲಿ, ಕೋಲಾರದಲ್ಲಿ ಪಾಲಾರ್ ಕಡೆಗೆ ಹರಿಯುವ ಕೋಡಿಗಳಲ್ಲಿ ಮೀನು ಕಿರಿದಾದ ಜಾಗದಲ್ಲಿ ಗುಂಪು ಕಟ್ಟಿ ನಿಲ್ಲುತ್ತದೆ. ಅಲ್ಲಿ ಒಬ್ಬನೇ ಒಂದು ಗಂಟೆಯಲ್ಲಿ ಹತ್ತಾರು ಮೀನಿಗೆ ಗಾಯ ಮಾಡಬಲ್ಲ. ಹತ್ತುವ ಮೀನಿಗೆ ಬೇಕಾದ ಶಕ್ತಿ ಗಾಳದ ಹೋರಾಟದಲ್ಲಿ ಕರಗಿಹೋದರೆ ಅದು ಬದುಕಿ ಉಳಿದರೂ ಮೇಲೆ ಹತ್ತಲಾರದು. ಇಲ್ಲಿ ನಿಷೇಧ ಪೂರ್ತಿ ಇರಬೇಕು, ಬಿಡುವವರಿಗೂ ಸೇರಿ.

ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ನಿಂತ ನೀರಿನಲ್ಲೇ ಮರಿ ಮಾಡುತ್ತದೆ. ಅದರ ಮೊಟ್ಟೆ ಅಂಟು. ಅಂಚಿನ ಜೊಂಡು, ಕಳೆಗಳಿಗೆ ಮೆತ್ತಿಕೊಂಡು ಎರಡು ಮೂರು ದಿನದಲ್ಲಿ ಒಡೆಯುತ್ತದೆ. ತಾಯಿ ಕಾಯುವುದಿಲ್ಲ. ಇಲ್ಲಿ ಗಾಳಕ್ಕಿಂತ ಗಾಳದವರ ಕಾಲೇ ಹೆಚ್ಚು ಹಾನಿ ಮಾಡುತ್ತದೆ. ಮೊಣಕಾಲು ನೀರಿಗಿಳಿದು ಕಳೆ ತುಳಿದರೆ ಮೊಟ್ಟೆ ಕೆಸರಿಗೆ ಬಿದ್ದು ಉಸಿರುಕಟ್ಟುತ್ತದೆ.

ಈಗ ಕೊರವ ಮೀನು. ಈ ಟಿಪ್ಪಣಿಯ ಹೆಚ್ಚಿನ ಭಾಗ ಇದಕ್ಕೇ ಸಲ್ಲಬೇಕು. ಮಳೆಗಾಲದಲ್ಲಿ ಜೋಡಿ ಕೊರವ ಆಳವಿಲ್ಲದ ಅಂಚಿನಲ್ಲಿ ಕಳೆ ಸರಿಸಿ ಜಾಗ ಮಾಡಿಕೊಂಡು, ತೇಲುವ ಹೊನ್ನು ಬಣ್ಣದ ಮೊಟ್ಟೆ ಬಿಡುತ್ತದೆ. ಒಂದು ಒಂದೂವರೆ ದಿನದಲ್ಲಿ ಮರಿ ಹೊರಬರುತ್ತದೆ. ಆಮೇಲೆ ವಾರಗಟ್ಟಲೆ ಕಿತ್ತಳೆಗೆಂಪು ಮರಿಗಳ ಗುಂಪು ಮೇಲ್ನೀರಿನಲ್ಲಿ ಗಾಳಿ ಗುಟುಕರಿಸುತ್ತ ಓಡಾಡುತ್ತದೆ, ಕೆಳಗೆ ತಂದೆತಾಯಿ ಕಾವಲು. ಗುಂಪಿನ ಹತ್ತಿರ ಏನು ಬಿದ್ದರೂ ಅವು ಎರಗುತ್ತವೆ. ಹಸಿವಿಗಲ್ಲ, ಮರಿಯ ರಕ್ಷಣೆಗೆ. ಗಾಳದವರಿಗೆ ಇದು ಗೊತ್ತು. ಕೆಂಪು ಗುಂಪಿನ ನಡುವೆಯೇ ಎರೆ ಬೀಳಿಸುತ್ತಾರೆ.

ಕೊರವ ನೇರವಾಗಿ ಗಾಳಿ ಉಸಿರಾಡುವ ಗಟ್ಟಿ ಮೀನು. ಐದು ನಿಮಿಷ ದಡದಲ್ಲಿಟ್ಟು ಬಿಟ್ಟರೂ ಈಜಿಕೊಂಡು ಹೋಗುತ್ತದೆ. ಆ ಐದು ನಿಮಿಷದಲ್ಲಿ ಜಿಲೇಬಿ ಮೀನು, ನೀರುಕಾಗೆ, ಬೆಳ್ಳಕ್ಕಿ ಮರಿಗುಂಪನ್ನು ಹೆಕ್ಕುತ್ತವೆ. ಜೋಡಿಯಲ್ಲಿ ಇನ್ನೊಂದು ಉಳಿದಿರುತ್ತದಲ್ಲ ಎಂದರೆ, ಕಾವಲು ಅರ್ಧಕ್ಕಿಳಿಯಿತು ಎಂದೇ ಅರ್ಥ. ಲೆಕ್ಕಕ್ಕೆಂದು ಹೀಗೆ ಊಹಿಸಿಕೊಳ್ಳಿ: ಕೆರೆಯಂಚಿನಲ್ಲಿ 20 ಜೋಡಿ ಮರಿ ಕಾಯುತ್ತಿವೆ, 10 ಜೋಡಿಯಿಂದ ಒಂದೊಂದು ಮೀನು ಗಾಳಕ್ಕೆ ಸಿಕ್ಕಿ ಹತ್ತೂ ಜೀವಂತ ವಾಪಸಾದವು. ಸಾವಿನ ಲೆಕ್ಕ ಸೊನ್ನೆ. ಆದರೆ ಆ ಹತ್ತರಲ್ಲಿ ನಾಲ್ಕು ಗುಂಪಿನ ಮರಿ ಬೇರೆ ಮೀನಿನ ಪಾಲಾದರೆ ಆ ವರ್ಷದ ಮರಿಯಲ್ಲಿ ಶೇ. 20 ಹೋಯಿತು. ‘ಬಿಟ್ಟ ಮೀನು ಚೆನ್ನಾಗಿ ಈಜಿ ಹೋಯಿತು’ ಎಂಬ ಸಾಕ್ಷಿ ಈ ನಷ್ಟವನ್ನು ತೋರಿಸುವುದೇ ಇಲ್ಲ.

ಇದೇ ವಿಷಯದಲ್ಲಿ ಹೆಚ್ಚು ಅಧ್ಯಯನ ನಡೆದಿರುವುದು ಉತ್ತರ ಅಮೆರಿಕದ ಬಾಸ್ ಮೀನಿನ ಮೇಲೆ. ಅಲ್ಲಿ ಗೂಡು ಕಾಯುವುದು ಗಂಡು ಒಂದೇ. ಕೆನಡಾದ ಒಂಟಾರಿಯೊದ ಒಪಿನಿಕಾನ್ ಸರೋವರದಲ್ಲಿ ನಡೆದ ಪ್ರಯೋಗಗಳಲ್ಲಿ, ಗಂಡನ್ನು ಗೂಡಿನಿಂದ ಎತ್ತಿದ ಸ್ವಲ್ಪ ಹೊತ್ತಿಗೇ ಸಣ್ಣ ಮೀನುಗಳು ಮೊಟ್ಟೆಗೆ ನುಗ್ಗಿದ್ದು ಕಂಡಿತು. ವಾಪಸ್ ಬಂದ ಗಂಡು ಗೂಡಿನಲ್ಲಿ ಉಳಿದದ್ದು ಕಡಿಮೆ ಎಂದಾದರೆ ಕೆಲವೊಮ್ಮೆ ಗೂಡನ್ನೇ ತೊರೆಯಿತು. ಇಷ್ಟೆಲ್ಲ ಗೊತ್ತಿದ್ದೂ ಸರ್ಕಾರಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದಿವೆ. ಒಂಟಾರಿಯೊದಲ್ಲಿ ನಿಷೇಧದ ಕಾಲದಲ್ಲಿ ಹಿಡಿದು ಬಿಡುವುದೂ ಅಪರಾಧ. ನ್ಯೂಯಾರ್ಕ್ ರಾಜ್ಯ 2022ರ ಏಪ್ರಿಲ್‌ನಿಂದ ಬಹುತೇಕ ನೀರುಗಳಲ್ಲಿ ಡಿಸೆಂಬರ್ 1ರಿಂದ ಜೂನ್ 14ರವರೆಗೆ ಹಿಡಿದು ಬಿಡಲು ಒಪ್ಪಿತು. ಒಪ್ಪುವವರ ವಾದವನ್ನೂ ಪ್ರಾಮಾಣಿಕವಾಗಿ ಕಲಿಯಬೇಕು: ಕೆಲವು ಗೂಡು ಹೋದರೂ ಉಳಿದ ಮರಿಗಳಿಗೆ ಮೇವು, ಜಾಗ ಹೆಚ್ಚು ಸಿಗುವುದರಿಂದ ಕೊನೆಗೆ ದೊಡ್ಡ ಮೀನಿನ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ ಎನ್ನುತ್ತಾರೆ. ನೀರು ವರ್ಷವಿಡೀ ನಿಲ್ಲುವ ದೊಡ್ಡ ಸರೋವರಕ್ಕೆ ಈ ವಾದ ಹೊಂದೀತು. ಬೇಸಿಗೆಗೆ ಒಣಗಿ, ಮಳೆಗೆ ಬೆರಳೆಣಿಕೆಯ ಜೋಡಿಗಳಿಂದ ಮತ್ತೆ ತುಂಬಬೇಕಾದ ನಮ್ಮ ಕೆರೆಗೆ ಹೊಂದುವುದಿಲ್ಲ.

ಮೀನಿನ ದೇಹದ ಲೆಕ್ಕಕ್ಕೆ ಬರೋಣ. ಬಿಟ್ಟ ಮೀನಿನ ಸಾವಿನ ಬಗ್ಗೆ 274 ಅಂದಾಜುಗಳನ್ನು ಒಟ್ಟು ಮಾಡಿದ 2005ರ ವಿಮರ್ಶೆಯಲ್ಲಿ ಸರಾಸರಿ ಶೇ. 18, ಮಧ್ಯಾಂಕ ಶೇ. 11. ಗಾಳ ಗಂಟಲಿಗೆ ಇಳಿದಿದೆಯೇ ಎಂಬುದೇ ಎಲ್ಲಕ್ಕಿಂತ ಮುಖ್ಯ ಕಾರಣ. 1992ರ ಇನ್ನೊಂದು ಪ್ರಯೋಗದಲ್ಲಿ ಸುಸ್ತಾಗುವವರೆಗೆ ಓಡಿಸಿದ ಟ್ರೌಟ್ ಮೀನನ್ನು ನೀರಿನಿಂದ ಎತ್ತದೆ ಬಿಟ್ಟಾಗ ಶೇ. 12, 30 ಸೆಕೆಂಡು ಗಾಳಿಯಲ್ಲಿಟ್ಟಾಗ ಶೇ. 38, 60 ಸೆಕೆಂಡಿಗೆ ಶೇ. 72 ಸತ್ತವು. ಟ್ರೌಟ್ ತಣ್ಣೀರಿನ ನಾಜೂಕು ಮೀನು. ಈ ಅಂಕಿಗಳನ್ನು ರೋಹುವಿಗೆ ಹಾಗೇ ಅಂಟಿಸಬೇಡಿ. ಕಲಿಯಬೇಕಾದದ್ದು ಅರ್ಧ ನಿಮಿಷದ ಬೆಲೆ.

ನಮ್ಮ ಸೀಮೆಯ ನೀರಿಗೆ ಇನ್ನೊಂದು ಕಷ್ಟ ಇದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು 7.5. ಅದು ಸಮುದ್ರ ಮಟ್ಟದ ಲೆಕ್ಕ. ಕೋಲಾರ, ತುಮಕೂರು 800 ಮೀಟರಿಗಿಂತ ಎತ್ತರದಲ್ಲಿವೆ. ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ಆದ್ದರಿಂದ 7.5 ಎನ್ನುವುದು 6.8ರ ಆಸುಪಾಸಿಗೆ ಇಳಿಯುತ್ತದೆ. ಪಾಚಿ ಹೆಚ್ಚಿರುವ ಕೆರೆಯಲ್ಲಿ ರಾತ್ರಿಯಿಡೀ ಪಾಚಿಯೂ ಉಸಿರಾಡಿ ಬೆಳಗಿನ ಜಾವಕ್ಕೆ ಆಮ್ಲಜನಕ ತಳ ಮುಟ್ಟುತ್ತದೆ. ಬೆಂಗಳೂರಿನ ಸಂಸ್ಕರಿತ ನೀರು ಹರಿಯುವ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳ ಕೆರೆಗಳಂತೆ ಪೋಷಕಾಂಶ ಹೆಚ್ಚು ಬರುವ ಕಡೆ ಇದನ್ನು ವಿಶೇಷವಾಗಿ ಗಮನಿಸಬೇಕು. ಹಿಂದಿನ ದಿನ ಮೋಡ ಮುಚ್ಚಿದ್ದರೆ ಇನ್ನೂ ಕೆಟ್ಟದ್ದು. ಗಾಳ ಹಾಕುವವರಿಗೆ ಇಷ್ಟವಾದ ತಂಪು ಹೊತ್ತೇ ಮೀನಿಗೆ ಉಸಿರು ಕಡಿಮೆ ಇರುವ ಹೊತ್ತು. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಗಾಳ ಮಡಚಿಡಬೇಕು.

ಮೊಟ್ಟೆ ಕಟ್ಟಿದ ಹೆಣ್ಣನ್ನು ಹಿಡಿಯುವುದರಲ್ಲಿ ಬೇರೆಯದೇ ಅಪಾಯ. ಹೊಟ್ಟೆ ಒತ್ತಿದರೆ ಮೊಟ್ಟೆ ಸೋರುತ್ತದೆ. ಸೋರದಿದ್ದರೂ ಗಾಬರಿಯ ರಸದೂತಗಳು (ಹಾರ್ಮೋನುಗಳು) ಏರಿ ಮೊಟ್ಟೆ ಪಕ್ವವಾಗುವುದು ನಿಲ್ಲಬಹುದು. ಮರಿ ಉತ್ಪಾದನಾ ಕೇಂದ್ರದಲ್ಲಿ ತಾಯಿ ಮೀನನ್ನು ಒದ್ದೆ ಬಟ್ಟೆಯ ಜೋಲಿಯಲ್ಲೇ ಸಾಗಿಸುವುದು ಇದಕ್ಕೇ. ಒಣ ಟವೆಲ್‌ನಿಂದ ಹಿಡಿದರೆ ಮೈಯ ಲೋಳೆ ಕಿತ್ತುಬಂದು, ಕೆಲವು ದಿನಗಳಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಹತ್ತುತ್ತದೆ. ಆ ಸಾವು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಷೇಧವಿಲ್ಲದ ಕಾಲದಲ್ಲಿ, ಅನುಮತಿ ಇದ್ದ ಕಡೆ ಹಿಡಿದು ಬಿಡುವುದಾದರೆ: ಒಂದೇ ಮೊನೆಯ ಗಾಳ, ಅದರ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು. ದಾರ ತೆಳುವಾದರೆ ಮೀನನ್ನು ಬಹಳ ಹೊತ್ತು ಆಡಿಸಬೇಕಾಗುತ್ತದೆ. ಗಟ್ಟಿ ದಾರ ಹಾಕಿ ಬೇಗ ಎಳೆದುಕೊಳ್ಳಿ. ಗಾಳವನ್ನು ನೀರಿನಲ್ಲೇ ಬಿಡಿಸಿ, ಕೈ ಮೊದಲೇ ಒದ್ದೆ ಮಾಡಿಕೊಳ್ಳಿ. ಎತ್ತಲೇಬೇಕಾದರೆ ಹತ್ತು ಸೆಕೆಂಡು. ಗಂಟಲಿಗೆ ಇಳಿದಿದ್ದರೆ ಕೀಳಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ವಾಪಸ್ ಬಿಡಬಾರದು. ಅದು ನಿಷೇಧಿತ ಮೀನು.

ಕಾನೂನಿನ ಭಾಷೆಯನ್ನೂ ಗಮನಿಸಿ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ 6ನೇ ಕಲಮು ಗೊತ್ತುಪಡಿಸಿದ ನೀರಿನಲ್ಲಿ ಎರಡು ವರ್ಷದವರೆಗೆ ‘ಎಲ್ಲ ಮೀನುಗಾರಿಕೆ’ಯನ್ನು ನಿಷೇಧಿಸುವ ಅಧಿಕಾರ ಕೊಟ್ಟಿತ್ತು. ಕೊಲ್ಲುವುದು, ಒಯ್ಯುವುದು ಎಂಬ ಭೇದ ಅಲ್ಲಿಲ್ಲ. ಆ ಭೇದ ತಂದರೆ ಕಾವಲುಗಾರನಿಗೆ ಕೆಲಸವೇ ಕಷ್ಟ: ದಡದಲ್ಲಿ ಗಾಳ ಹಿಡಿದು ನಿಂತವನು ಬಿಡುತ್ತಾನೋ ಪೊದೆಯಲ್ಲಿಟ್ಟ ಚೀಲಕ್ಕೆ ಹಾಕುತ್ತಾನೋ ಎಂದು ಸಂಜೆಯವರೆಗೆ ಕಾದು ನೋಡಬೇಕು.

ದಿನಾಂಕದ ವಿಷಯದಲ್ಲಿ ಕರಾವಳಿಯ ಜೂನ್ 1ರಿಂದ ಜುಲೈ 31ರ 61 ದಿನಗಳನ್ನು ಇಲ್ಲಿಗೆ ಎಳೆದು ತರಬೇಡಿ. ಅದು ಸಮುದ್ರದ ಯಾಂತ್ರಿಕ ದೋಣಿಗಳಿಗೆ. ನಮ್ಮ ಮೂರು ಜಿಲ್ಲೆಗಳಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ; ಉತ್ತರೆ, ಹಸ್ತ, ಚಿತ್ತೆ ಮಳೆಗೆ ಕೆರೆ ತುಂಬಿ ಕೋಡಿ ಬೀಳುತ್ತದೆ. ಹಾಗಾಗಿ ನಿಷೇಧ ನೀರಿನ ಜೊತೆ ನಡೆಯಬೇಕು: ಹೊಸ ನೀರು ಬಂದ ದಿನದಿಂದ ಹಳ್ಳ, ಕೋಡಿಗಳಲ್ಲಿ ಹರಿವು ನಿಲ್ಲುವವರೆಗೆ; ಕೊರವ ಇರುವ ಕಳೆಯಂಚಿನಲ್ಲಿ ಕೆಂಪು ಮರಿಗುಂಪು ಬಣ್ಣ ಕಪ್ಪಾಗಿ ಚದುರಿಹೋಗುವವರೆಗೆ.