ಬುಲೆಟ್ಟಿನ ಸದ್ದು ಜಾಸ್ತಿಯಾದರೆ ಪಿಕಪ್ಪೂ ಜಾಸ್ತಿಯಾಗುತ್ತಾ?

ಬುಲೆಟ್ ತಗೊಂಡ ಎಷ್ಟೋ ಜನ ಮೊದಲು ಬಿಚ್ಚಿಸುವುದು ಕಂಪನಿ ಸೈಲೆನ್ಸರನ್ನೇ. ಆ ಜಾಗಕ್ಕೆ ಇಂದೋರಿಯೋ ಪಂಜಾಬಿಯೋ ಅನ್ನುವ ಹೊರಗಿನ ಸೈಲೆನ್ಸರ್ ಬರುತ್ತದೆ. ಗುಡುಗುಡು ಸದ್ದು ಕೇಳಿದ್ದೇ ತಡ, "ಪಿಕಪ್ ಜಾಸ್ತಿಯಾಯ್ತು" ಅನ್ನುತ್ತಾರೆ. ಜಾಸ್ತಿಯಾಗಿರುವುದು ಸದ್ದು. ಪಿಕಪ್ಪಿನ ಕಥೆ ಬೇರೆ.

ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಪೆಟ್ರೋಲ್ ಉರಿಯುತ್ತದೆ. 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತಿನಲ್ಲಿ, ಅದು ಸೆಕೆಂಡಿಗೆ 25 ಸಲ. ಪ್ರತಿ ಸಲವೂ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದಾಗ ಒಳಗೆ ಇನ್ನೂ ಒತ್ತಡ ಇರುತ್ತದೆ. ಹೊಗೆ ಒಮ್ಮೆಲೇ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿಗೆ ನುಗ್ಗುತ್ತದೆ. ಹೊಗೆಗಿಂತ ಮುಂದೆ ಓಡುವುದು ಅದರ ಒತ್ತಡದ ಅಲೆ. ಮಾಮೂಲಿ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಪೈಪಿನೊಳಗಿನ ಬಿಸಿಯಲ್ಲಿ ಅದು 500 ದಾಟುತ್ತದೆ.

ಮಜಾ ಇರುವುದು ಇಲ್ಲಿ. ಪೈಪು ಅಗಲವಾಗುವ ಜಾಗ ತಲುಪಿದ ಅಲೆ ತಿರುಗಿ ಬರುತ್ತದೆ, ಅದೂ ಉಲ್ಟಾ ಆಗಿ. ತಳ್ಳುತ್ತಾ ಹೋದದ್ದು ಎಳೆಯುತ್ತಾ ವಾಪಸ್ ಬರುತ್ತದೆ. ಗಾಳಿ ಒಳಬಿಡುವ ವಾಲ್ವ್, ಹೊಗೆ ಹೊರಬಿಡುವ ವಾಲ್ವ್ ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವಲ್ಲ, ಸರಿಯಾಗಿ ಆಗ ಬಂದರೆ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಗೆ ದಾರಿ ಮಾಡುತ್ತದೆ. ಹೊತ್ತು ತಪ್ಪಿದರೆ ಕೆಲಸ ಕೆಡುತ್ತದೆ. ಪೈಪಿನ ಉದ್ದ ಒಂದೇ, ಎಂಜಿನ್ ವೇಗ ಮಾತ್ರ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಎಲ್ಲ ವೇಗಕ್ಕೂ ಹೊಂದುವ ಸೈಲೆನ್ಸರ್ ಇಲ್ಲ.

"ಬ್ಯಾಕ್ ಪ್ರೆಶರ್ ಇರಲೇಬೇಕು, ಇಲ್ಲಾಂದ್ರೆ ಗಾಡಿ ಎಳೆಯಲ್ಲ" ಎಂದು ಮೆಕ್ಯಾನಿಕ್‌ಗಳು ಹೇಳುವುದುಂಟು. ಅವರು ಕಂಡದ್ದು ಸರಿ, ಕೊಡುವ ಕಾರಣ ಸರಿಯಿಲ್ಲ. ಹೊಗೆಗೆ ಅಡ್ಡ ಹಾಕಿದರೆ ಎಂಜಿನ್ನಿಗೆ ಲಾಭವಿಲ್ಲ. ಲೆಕ್ಕ ತಪ್ಪಿದ್ದು ಅಲೆ ವಾಪಸ್ ಬರುವ ಹೊತ್ತು.

ಕಂಪನಿ ಸೈಲೆನ್ಸರಿನೊಳಗೆ ಸಣ್ಣ ಸಣ್ಣ ಕೋಣೆಗಳಿರುತ್ತವೆ. ಅಲೆಗಳು ಅಲ್ಲಿ ಬಡಿದು, ಒಂದನ್ನೊಂದು ಹೊಡೆದುಹಾಕುತ್ತವೆ. ಹೊರಗಿನ ಎಷ್ಟೋ ಸೈಲೆನ್ಸರುಗಳಲ್ಲಿರುವುದು ತೂತು ತೂತಿನ ಒಂದು ನೇರ ಕೊಳವೆ, ಸುತ್ತ ಗ್ಲಾಸ್ ವುಲ್. ಗ್ಲಾಸ್ ವುಲ್ ಕೀಚಲು ಸದ್ದನ್ನು ನುಂಗುತ್ತದೆ, ದಪ್ಪ ಸದ್ದನ್ನು ಬಿಟ್ಟುಬಿಡುತ್ತದೆ. ಅದು ಸುಟ್ಟು ಉದುರಿದ ಮೇಲೆ ಬರೀ ತಗಡಿನ ಸದ್ದು.

ಹಾಕಿಸುವವರು ಜಾಯಿಂಟ್ ಮೇಲೆ ಕಣ್ಣಿಡಿ. ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬಾರದು. ಮೊದಲು ಎಲ್ಲ ಬೋಲ್ಟನ್ನೂ ಸಡಿಲವಾಗಿ ಕೂರಿಸಿ, ಪೈಪು ತಾನಾಗಿ ಹೊಂದಿಕೊಂಡ ಮೇಲೆ ಬಿಗಿ ಮಾಡಬೇಕು. ಸ್ಟಾರ್ಟ್ ಮಾಡುವ ಮೊದಲು ಕ್ರೋಮ್ ಮೇಲಿನ ಬೆರಳಿನ ಗುರುತನ್ನೆಲ್ಲ ಒರೆಸಿ. ಎಣ್ಣೆ ಕೈಯ ಗುರುತು ಬಿಸಿಗೆ ಸುಟ್ಟು ಕಲೆಯಾದರೆ ಹೋಗುವುದು ಕಷ್ಟ. ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂದರೆ ಎಲ್ಲೋ ಲೀಕ್ ಇರಬಹುದು. ಹೊರಗಿನ ಗಾಳಿ ಒಳಗೆ ಸೇರಿ, ಉರಿಯದೆ ಬಂದ ಪೆಟ್ರೋಲ್ ಪೈಪಿನಲ್ಲೇ ಹೊತ್ತಿಕೊಳ್ಳುತ್ತದೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಗಾಡಿಗಳಲ್ಲಿ ಲೀಕ್ ಇನ್ನೂ ದೊಡ್ಡ ತಲೆನೋವು. ಅವುಗಳ ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಅದಕ್ಕೂ ಮೊದಲೇ ಲೀಕ್ ಇದ್ದರೆ, ಒಳಗೆ ಸೇರಿದ ಗಾಳಿ ನೋಡಿ ಪೆಟ್ರೋಲ್ ಸಾಲದು ಎಂದು ಅದು ತಿಳಿಯುತ್ತದೆ. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸುಮ್ನೆ ಜಾಸ್ತಿ ಪೆಟ್ರೋಲ್ ಕೊಡುತ್ತದೆ. ಮೈಲೇಜ್ ಬೀಳುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ತೆಗೆಸಿದರೆ ವಿಷದ ಹೊಗೆ ಶುದ್ಧವಾಗದೆ ಹಾಗೇ ಹೊರಗೆ ಬರುತ್ತದೆ.

175 ಸಿಸಿಗಿಂತ ದೊಡ್ಡ ಬೈಕಿಗೆ ಕಂಪನಿ ಪಾಸಾಗಬೇಕಾದ ಸದ್ದಿನ ಮಿತಿ 80 ಡೆಸಿಬೆಲ್. 90 ಅಂದರೆ 'ಸ್ವಲ್ಪ ಜಾಸ್ತಿ' ಅಲ್ಲ, ಸದ್ದಿನ ಶಕ್ತಿ ಹತ್ತು ಪಟ್ಟು. ಕಾಯ್ದೆ ಪ್ರಕಾರ ದಂಡ 10,000 ರೂಪಾಯಿವರೆಗೂ ಹೋಗಬಹುದು. ಕರ್ನಾಟಕದ ಪೊಲೀಸರು ಇಂಥ ಸೈಲೆನ್ಸರುಗಳನ್ನು ರಸ್ತೆ ಮೇಲೆ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದೂ ಉಂಟು. ಬಿಚ್ಚಿದ ಕಂಪನಿ ಸೈಲೆನ್ಸರನ್ನು ಮಾತ್ರ ಗುಜರಿಗೆ ಹಾಕಬೇಡಿ.