ಕಾಫಿ ಎಲೆಯ ತುಕ್ಕು ಬ್ಯಾಂಕಿಗೂ ಹತ್ತಿದಾಗ

ಓರಿಯಂಟಲ್ ಬ್ಯಾಂಕ್ ಕಾರ್ಪೊರೇಶನ್ ಹುಟ್ಟಿದ್ದು 1842ರಲ್ಲಿ, ಬಾಂಬೆಯಲ್ಲಿ. ಆಗಿನ ಹೆಸರು ಬ್ಯಾಂಕ್ ಆಫ್ ವೆಸ್ಟರ್ನ್ ಇಂಡಿಯಾ. 1845ರಲ್ಲಿ ಮುಖ್ಯ ಕಚೇರಿ ಲಂಡನ್ನಿಗೆ ಹೋಯಿತು, 1851ರಲ್ಲಿ ರಾಜಸನ್ನದು, ಅಂದರೆ ಬ್ರಿಟನ್ನಿನ ರಾಣಿಯ ಅನುಮತಿ ಪತ್ರ, ಸಿಕ್ಕಿತು. ಹಾಂಗ್‌ಕಾಂಗ್‌ನಲ್ಲಿ ಮೊದಲು ನೋಟು ಹೊರಡಿಸಿದ್ದೂ ಇದೇ. ಇಂಥ ಬ್ಯಾಂಕು 1884ರ ಮೇ ತಿಂಗಳಲ್ಲಿ ಪಾವತಿ ನಿಲ್ಲಿಸಿತು.

ಓರಿಯಂಟಲ್ ಒಂದು ವಿನಿಮಯ ಬ್ಯಾಂಕು: ದೇಶದೇಶಗಳ ವ್ಯಾಪಾರಕ್ಕೆ ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆಯುವುದು ಅದರ ಕೆಲಸ. ಈ ಕಸುಬು ಮೂಲತಃ ಅಪಾಯದ್ದಲ್ಲ. ಕಲ್ಕತ್ತದ ವ್ಯಾಪಾರಿ ಸೆಣಬನ್ನು ಹಡಗಿಗೆ ಹೇರಿ, ಲಂಡನ್ನಿನ ಖರೀದಿದಾರನ ಮೇಲೆ ಹುಂಡಿ, ಅಂದರೆ ಇಂಥ ದಿನ ಇಷ್ಟು ಹಣ ಕೊಡಬೇಕೆಂಬ ಪತ್ರ, ಬರೆಯುತ್ತಾನೆ. ಹಡಗಿನ ರಸೀದಿ, ವಿಮೆ ಪತ್ರ ಜೊತೆಗಿರುತ್ತವೆ. ಬ್ಯಾಂಕು ಅದನ್ನು ರೂಪಾಯಿ ಕೊಟ್ಟು ಕೊಂಡು, ಅವಧಿ ಮುಗಿದಾಗ ಲಂಡನ್ನಿನಲ್ಲಿ ಪೌಂಡ್ ವಸೂಲು ಮಾಡುತ್ತದೆ. ಆ ಪೌಂಡನ್ನು ಮತ್ತೆ ರೂಪಾಯಿ ಮಾಡಿಕೊಳ್ಳಲು ಲಂಡನ್ನಿನಲ್ಲಿ ಭಾರತ ಮಂತ್ರಿಯ (ಭಾರತದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಸಚಿವ) ಕಚೇರಿ ಮಾರುತ್ತಿದ್ದ ಕೌನ್ಸಿಲ್ ಬಿಲ್ ಎಂಬ ಪತ್ರ ಕೊಂಡರಾಯಿತು. ಅದನ್ನು ತೋರಿಸಿದರೆ ಭಾರತದ ಖಜಾನೆ ರೂಪಾಯಿ ಎಣಿಸಿಕೊಡುತ್ತಿತ್ತು. ಕೆಲವೇ ತಿಂಗಳಲ್ಲಿ ಒಂದು ಸುತ್ತು ಮುಗಿಯಿತು. ಕೊಂಡದ್ದಕ್ಕೆ ಸರಿಸಮ ಮಾರಿದ್ದರೆ ದರ ಎತ್ತ ಹೋದರೂ ನಷ್ಟವಿಲ್ಲ.

ಓರಿಯಂಟಲ್ ಎಡವಿದ್ದು ಈ ಸುತ್ತಿನ ಹೊರಗೆ. ಸಿಲೋನಿನ (ಇಂದಿನ ಶ್ರೀಲಂಕಾ) ಕಾಫಿ ತೋಟಗಳಿಗೆ, ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಅಡಮಾನದ ಮೇಲೆ ಸಾಲ ಕೊಟ್ಟಿತು. ಕಾಫಿ ಗಿಡ ಫಸಲಿಗೆ ಬರಲು ಮೂರ್ನಾಲ್ಕು ವರ್ಷ ಬೇಕೆಂಬುದು ಕೊಡಗು, ಚಿಕ್ಕಮಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಕೇಳಿದಾಗ ಕೊಡಬೇಕಾದ ಠೇವಣಿ ಹಣವನ್ನು ಅಂಥ ಗಿಡದ ಬುಡಕ್ಕೆ ಸುರಿದಂತಾಯಿತು. 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು: ಎಲೆಯಡಿ ಕಿತ್ತಳೆ ಬಣ್ಣದ ಪುಡಿ, ಆಮೇಲೆ ಎಲೆಯೇ ಉದುರುವುದು. ಮುಂದಿನ ಹದಿನೈದು ವರ್ಷಗಳಲ್ಲಿ ತೋಟಗಳೇ ಸೊರಗಿದವು. ಒತ್ತೆಯಿಟ್ಟ ಭೂಮಿ ಬ್ಯಾಂಕಿನ ಕೈಗೆ ಬಂತು, ಕೊಳ್ಳುವವರು ಸಿಗಲಿಲ್ಲ.

ಇನ್ನೊಂದು ಏಟು ಬೆಳ್ಳಿಯದು. ಓರಿಯಂಟಲ್‌ನ ಬಂಡವಾಳ ಚಿನ್ನಕ್ಕೆ ಕಟ್ಟಿದ್ದ ಪೌಂಡಿನಲ್ಲಿ, ಕೊಟ್ಟ ಸಾಲ ಬೆಳ್ಳಿಯ ರೂಪಾಯಿಯಲ್ಲಿ. ಜರ್ಮನಿ ಚಿನ್ನದ ನಾಣ್ಯಕ್ಕೆ ಹೊರಳಿದ ಮೇಲೆ ಬೆಳ್ಳಿ ಇಳಿಯತೊಡಗಿತು. ಆಗ ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. ರೂಪಾಯಿಗೆ 2 ಶಿಲಿಂಗ್ ಇದ್ದಾಗ 10 ಲಕ್ಷ ರೂಪಾಯಿ ಎಂದರೆ 1,00,000 ಪೌಂಡ್. 1 ಶಿಲಿಂಗ್ 7 ಪೆನ್ಸ್‌ಗೆ ಇಳಿದಾಗ 79,166. ಸಾಲಗಾರ ಪೈಸೆ ಬಿಡದೆ ತೀರಿಸಿದರೂ ಐದನೇ ಒಂದು ಭಾಗ ಮಾಯ! 1865ರಲ್ಲಿ ಶುರುವಾದ ಹಾಂಗ್‌ಕಾಂಗ್ ಬ್ಯಾಂಕಿನ (ಇಂದಿನ ಎಚ್‌ಎಸ್‌ಬಿಸಿ) ಬಂಡವಾಳ ಬೆಳ್ಳಿಯ ಡಾಲರಿನಲ್ಲೇ ಇದ್ದುದರಿಂದ ಅದರ ಲೆಕ್ಕಕ್ಕೆ ಈ ಪೆಟ್ಟು ಅಷ್ಟಾಗಿ ತಾಗಲಿಲ್ಲ.

1884ರಲ್ಲಿ ಬ್ಯಾಂಕು ಬಿದ್ದಾಗ ಸಿಲೋನಿನಲ್ಲಿ ಓರಿಯಂಟಲ್ ನೋಟು ಹಿಡಿದವರಿಗೆ ಗವರ್ನರ್ ಆರ್ಥರ್ ಗಾರ್ಡನ್ ಸರ್ಕಾರದ ಖಾತರಿ ಕೊಟ್ಟರು, ಮರುವರ್ಷದಿಂದ ಸರ್ಕಾರವೇ ನೋಟು ಹೊರಡಿಸಿತು. ಬಿದ್ದ ಬ್ಯಾಂಕಿನ ಅವಶೇಷದಿಂದ ಎದ್ದ ನ್ಯೂ ಓರಿಯಂಟಲ್ ಬ್ಯಾಂಕ್ 1892ರಲ್ಲಿ ಮುಳುಗಿತು. ಬೆಳ್ಳಿ ಆಗಲೂ ಇಳಿಯುತ್ತಲೇ ಇತ್ತು. 1893ರಲ್ಲಿ ಸರ್ಕಾರ, ಜನ ತಂದ ಬೆಳ್ಳಿಗೆ ಭಾರತದ ಟಂಕಸಾಲೆಗಳಲ್ಲಿ ರೂಪಾಯಿ ಒತ್ತಿಕೊಡುವುದನ್ನೇ ನಿಲ್ಲಿಸಿತು.